ಗೊಣಗಾಟಕ್ಕೆ ಪುರಾವೆ ಇದೆ

ಹೊಸ ವಿನ್ಯಾಸದ ಲ್ಯಾಪ್‌ಟಾಪ್ ಬರಲಿದೆ ಎಂಬ ಗಾಳಿಸುದ್ದಿ ಹಬ್ಬಿದರೆ ಸಾಕು, ಆ ಬ್ರಾಂಡಿನ ಅಭಿಮಾನಿಗಳ ನಿದ್ದೆ ಕೆಡುತ್ತದೆ. ಪ್ರೊಸೆಸರ್ ಯಾವುದಿರಬಹುದು, ಬ್ಯಾಟರಿ ಎಷ್ಟು ಹೊತ್ತು ಬಂದೀತು, ಪರದೆ ಎಷ್ಟು ಚೆನ್ನಾಗಿದ್ದೀತು ಎಂಬ ಆಸೆ ಒಂದು ಕಡೆ. ಈ ಸಲ ಏನನ್ನು ಕಿತ್ತು ಹಾಕಿದ್ದಾರೋ ಎಂಬ ಅಳುಕು ಇನ್ನೊಂದು ಕಡೆ. ಸೋರಿಕೆಯಾದ ಮಸುಕು ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿ, ಎಡಮೂಲೆಯಲ್ಲಿ ಎಸ್ಕೇಪ್ ಕೀ ಇದೆಯೋ ಇಲ್ಲವೋ ಎಂದು ವಾರಗಟ್ಟಲೆ ವಾದ ಮಾಡುವವರಿದ್ದಾರೆ.

ಇಂಥವರ ಬಗ್ಗೆ ಒಂದು ಸಿದ್ಧ ತೀರ್ಪು ಚಾಲ್ತಿಯಲ್ಲಿದೆ. ಕಂಪನಿಯವರು ನಯವಾಗಿಯೂ ವಿಮರ್ಶಕರು ತುಸು ಒರಟಾಗಿಯೂ ಹೇಳುವುದು ಅದನ್ನೇ: ಇವರಿಗೆ ಬದಲಾವಣೆ ಎಂದರೆ ಆಗದು, ಹಳೆಯದರ ಮೋಹ ಬಿಟ್ಟಿಲ್ಲ, ಎರಡು ವಾರ ಬಳಸಿದರೆ ಎಲ್ಲ ಒಗ್ಗಿಹೋಗುತ್ತದೆ, ಅಲ್ಲದೆ ಇವರು ಬೆರಳೆಣಿಕೆಯ ಮಂದಿ. ಕೇಳಿ ಕೇಳಿ ಈ ಮಾತು ನಿಜವೆನಿಸಿಬಿಟ್ಟಿದೆ. ಆದರೆ ಥಿಂಕ್‌ಪ್ಯಾಡ್ ಮತ್ತು ಮ್ಯಾಕ್‌ಬುಕ್ ಪ್ರೊ ಎಂಬ ಎರಡು ಹೆಸರಾಂತ ಲ್ಯಾಪ್‌ಟಾಪ್‌ಗಳ ಇತಿಹಾಸವನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ತೀರ್ಪಿನ ಒಂದು ಭಾಗವೂ ಉಳಿಯುವುದಿಲ್ಲ. ಅಭಿಮಾನಿಗಳು ಮೊದಲೇ ಎತ್ತಿದ ಆಕ್ಷೇಪಗಳಲ್ಲಿ ಹೆಚ್ಚಿನವನ್ನು ಕಂಪನಿಗಳೇ ಕೈಸುಟ್ಟುಕೊಂಡ ಮೇಲೆ ಸರಿಯೆಂದು ಒಪ್ಪಿ, ಕಿತ್ತದ್ದನ್ನು ಮರಳಿ ಜೋಡಿಸಿವೆ.

1992ರ ಅಕ್ಟೋಬರಿನಲ್ಲಿ ಐಬಿಎಂ ತನ್ನ ಥಿಂಕ್‌ಪ್ಯಾಡ್ 700ಸಿ ಬಿಡುಗಡೆ ಮಾಡಿತು. ಕಪ್ಪು ಪೆಟ್ಟಿಗೆ, ಕೀಬೋರ್ಡಿನ ನಡುವೆ ಮೌಸ್ ಕೆಲಸ ಮಾಡುವ ಕೆಂಪು ಬಿಂದು. ಆ ರೂಪ ಕೊಟ್ಟವರು ರಿಚರ್ಡ್ ಸ್ಯಾಪರ್. ಟ್ರ್ಯಾಕ್‌ಪಾಯಿಂಟ್ ಎಂಬ ಆ ಕೆಂಪು ಬಿಂದುವಿನ ಹಿಂದಿನ ಸಂಶೋಧನೆ ಟೆಡ್ ಸೆಲ್ಕರ್ ಅವರದು. ಬೆರಳನ್ನು ಅಕ್ಷರಗಳ ಮೇಲಿಂದ ಎತ್ತದೆಯೇ ಕರ್ಸರ್ ಓಡಿಸಬಹುದು ಎಂಬುದು ಅದರ ಗುಟ್ಟು. ಮುಂದಿನ ವರ್ಷಗಳಲ್ಲಿ ಏಳು ಸಾಲಿನ ಕೀಬೋರ್ಡ್ ಈ ಯಂತ್ರದ ಗುರುತಾಯಿತು. ಬಲಮೇಲ್ತುದಿಯಲ್ಲಿ ಇನ್ಸರ್ಟ್, ಡಿಲೀಟ್, ಹೋಮ್, ಎಂಡ್, ಪೇಜ್ ಅಪ್, ಪೇಜ್ ಡೌನ್ ಆರೂ ಗುಂಪಾಗಿ ಕುಳಿತಿರುತ್ತಿದ್ದವು. ಕಣ್ಣು ಪರದೆಯ ಮೇಲೇ ಇದ್ದರೂ ಬೆರಳು ತಡವರಿಸದೆ ಅಲ್ಲಿಗೆ ಹೋಗುತ್ತಿತ್ತು.

2012ರಲ್ಲಿ, ಅಷ್ಟರಲ್ಲಾಗಲೇ ಐಬಿಎಂನಿಂದ ಥಿಂಕ್‌ಪ್ಯಾಡನ್ನು ಕೊಂಡಿದ್ದ ಲೆನೊವೊ ಒಂದು ಸಾಲನ್ನು ಕಿತ್ತುಹಾಕಿತು. ಟಿ430, ಎಕ್ಸ್230 ಮಾದರಿಗಳಿಗೆ ಆರು ಸಾಲಿನ, ಬಿಡಿಬಿಡಿ ಕೀಗಳ ಹೊಸ ಕೀಬೋರ್ಡ್ ಬಂತು. ಬಲಮೂಲೆಯ ಗುಂಪು ಚದುರಿತು. ಪೇಜ್ ಅಪ್, ಪೇಜ್ ಡೌನ್ ಎರಡೂ ಮೇಲ್ಬಾಣದ ಅಕ್ಕಪಕ್ಕಕ್ಕೆ ಬಂದವು. ಒಂದು ಸಾಲು ಮೇಲೇರಲು ಹೋದವನು ಒಂದು ಪುಟ ಹಾರುವಂತಾಯಿತು. ಇಲ್ಲೊಂದು ವಿಚಿತ್ರವಿದೆ. 2009ರ ಟಿ400ಎಸ್ ಮಾದರಿಯಲ್ಲಿ ಇದೇ ಲೆನೊವೊ, ಜನ ಯಾವ ಕೀಗಳನ್ನು ಹೆಚ್ಚಾಗಿ ಒತ್ತುತ್ತಾರೆಂದು ಅಧ್ಯಯನ ಮಾಡಿಸಿ, ಎಸ್ಕೇಪ್ ಮತ್ತು ಡಿಲೀಟ್ ಕೀಗಳನ್ನು ಎರಡು ಪಟ್ಟು ದೊಡ್ಡದು ಮಾಡಿತ್ತು. ಮೂರೇ ವರ್ಷದಲ್ಲಿ ಅವು ಮತ್ತೆ ಕುಗ್ಗಿದವು. ಬಳಕೆದಾರರ ಬೆರಳುಗಳೇನೂ ಅಷ್ಟರಲ್ಲಿ ಚಿಕ್ಕದಾಗಿರಲಿಲ್ಲ.

ಅಗಲ ಪರದೆಯ ಕಾಲ ಬಂದಿದೆ, ಪೆಟ್ಟಿಗೆ ಉದ್ದಕ್ಕೆ ಹಿಗ್ಗಿ ಅಗಲಕ್ಕೆ ಕುಗ್ಗಿದೆ, ಏಳು ಸಾಲಿಗೆ ಜಾಗವೆಲ್ಲಿ ಎಂಬ ಸಮರ್ಥನೆ ಆಗಿನಿಂದಲೂ ಕೇಳಿಬರುತ್ತಿದೆ. ಈ ವಾದವನ್ನು ಅಭಿಮಾನಿಗಳು ಬಾಯಿಮಾತಿನಲ್ಲಿ ಖಂಡಿಸಲಿಲ್ಲ, ಸ್ಕ್ರೂಡ್ರೈವರ್ ಹಿಡಿದು ಖಂಡಿಸಿದರು. 2011ರ ಎಕ್ಸ್220 ಕೂಡ ಅದೇ ಹನ್ನೆರಡೂವರೆ ಇಂಚಿನ ಅಗಲ ಪರದೆಯದು, ಅದರಲ್ಲಿ ಏಳು ಸಾಲಿತ್ತು. ಮರುವರ್ಷದ ಎಕ್ಸ್230ರ ಒಡಲು ಹೆಚ್ಚುಕಡಿಮೆ ಅದೇ. ತಳದ ಸ್ಕ್ರೂ ಬಿಚ್ಚಿ, ಹಳೆಯ ಕೀಬೋರ್ಡನ್ನು ತಂದು, ಕನೆಕ್ಟರಿನ ಒಂದೆಡೆ ಚೂರು ಟೇಪು ಅಂಟಿಸಿ, ಅಂಚನ್ನು ಕೊಂಚ ಅರದಿಂದ ತಿಕ್ಕಿ, ಕೀಬೋರ್ಡನ್ನು ನಿಯಂತ್ರಿಸುವ ಚಿಪ್ಪಿನ ತಂತ್ರಾಂಶವನ್ನು ತಿದ್ದಿದರೆ, ‘ಜಾಗವಿಲ್ಲ’ ಎಂದ ಕಡೆಯೇ ಏಳು ಸಾಲು ಕೂತುಬಿಡುತ್ತದೆ. ಜಗತ್ತಿನ ನಾನಾ ಕಡೆಯ ಜನ ಇದನ್ನು ಮಾಡಿದ್ದಾರೆ, ಈಗಲೂ ಮಾಡುತ್ತಿದ್ದಾರೆ. ಜಾಗದ ಕೊರತೆ ಎಂಬುದು ಕುಂಟುನೆಪವೆನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಮರುವರ್ಷ ಇನ್ನೊಂದು ಪೆಟ್ಟು ಬಿತ್ತು. 2013ರ ಟಿ440, ಎಕ್ಸ್240 ಮಾದರಿಗಳಲ್ಲಿ ಕೆಂಪು ಬಿಂದುವಿನ ಕೆಳಗಿದ್ದ ಮೂರು ಗುಂಡಿಗಳೇ ಮಾಯ. ಟಚ್‌ಪ್ಯಾಡಿನ ಇಡೀ ಹಲಗೆಯೇ ಗುಂಡಿ, ಅದರ ಮೇಲಂಚನ್ನು ಒತ್ತಿದರೆ ಹಳೆಯ ಗುಂಡಿಗಳ ಕೆಲಸವಾಗುತ್ತದೆ ಎಂದರು. ನೋಡಲು ನುಣುಪು, ಬಳಸಲು ಕಿರಿಕಿರಿ. ಹೆಬ್ಬೆರಳಿಗೆ ಗುಂಡಿಯ ಅಂಚು ಸಿಗದು. ಒತ್ತಿದಾಗ ಹಲಗೆಯೆಲ್ಲ ಅಲುಗುತ್ತದೆ. ಕರ್ಸರನ್ನು ಒಂದು ಅಕ್ಷರದ ಮೇಲೆ ನಿಲ್ಲಿಸಿ ಒತ್ತುವಷ್ಟರಲ್ಲಿ ಅದು ಪಕ್ಕಕ್ಕೆ ಜಾರಿರುತ್ತದೆ. ಗುಂಡಿ ಇಲ್ಲದ ಟ್ರ್ಯಾಕ್‌ಪಾಯಿಂಟ್ ಕಾವಿಲ್ಲದ ಕೊಡಲಿ ಎಂದು ಅಭಿಮಾನಿಗಳು ಬೊಬ್ಬೆ ಹಾಕಿದರು. ಎಂದಿನಂತೆ, ಹಳಬರ ಗೊಣಗಾಟ ಎಂದು ಅದಕ್ಕೂ ಹಣೆಪಟ್ಟಿ ಹಚ್ಚಿದ್ದಾಯಿತು.

2015ರಲ್ಲಿ ಟಿ450, ಎಕ್ಸ್250 ಬಂದವು. ಮೂರೂ ಗುಂಡಿಗಳು ತಮ್ಮ ಹಳೆಯ ಜಾಗದಲ್ಲಿದ್ದವು. ಆಗ ಟಿ440 ಕೊಂಡಿದ್ದವರು ಏನು ಮಾಡಿದರೆಂಬುದು ಗಮನಿಸಬೇಕಾದ ಸಂಗತಿ. ಟಿ450ರ ಟಚ್‌ಪ್ಯಾಡ್ ಬಿಡಿಭಾಗವನ್ನು ತರಿಸಿ, ತಮ್ಮ ಲ್ಯಾಪ್‌ಟಾಪ್ ಬಿಚ್ಚಿ, ತಾವೇ ಅದನ್ನು ಕೂಡಿಸಿಕೊಂಡರು. ಎರಡು ವರ್ಷ ಬಳಸಿದ ಮೇಲೂ ಒಗ್ಗದ್ದಕ್ಕೆ ತಾನೇ ಕೈಯಿಂದ ಹಣ ಹಾಕಿ ಇಷ್ಟು ಕಷ್ಟಪಟ್ಟದ್ದು? ‘ಎರಡು ವಾರದಲ್ಲಿ ಒಗ್ಗುತ್ತದೆ’ ಎಂದವರ ಬಳಿ ಇದಕ್ಕೆ ಉತ್ತರವಿಲ್ಲ.

ಇದೇ ಹೊತ್ತಿಗೆ ಇನ್ನೊಂದು ಪ್ರಯೋಗವೂ ನಡೆದಿತ್ತು. 2014ರ ಜನವರಿಯಲ್ಲಿ ತೋರಿಸಿದ ಎರಡನೇ ಪೀಳಿಗೆಯ ಎಕ್ಸ್1 ಕಾರ್ಬನ್‌ನಲ್ಲಿ ಲೆನೊವೊ ಎಫ್1ರಿಂದ ಎಫ್12ರವರೆಗಿನ ಇಡೀ ಸಾಲನ್ನು ತೆಗೆದು, ಕೆಲಸಕ್ಕೆ ತಕ್ಕಂತೆ ಚಿಹ್ನೆ ಬದಲಿಸುವ ಸ್ಪರ್ಶಪಟ್ಟಿಯನ್ನು ಇಟ್ಟಿತು. ಕ್ಯಾಪ್ಸ್ ಲಾಕ್ ಜಾಗಕ್ಕೆ ಹೋಮ್, ಎಂಡ್ ಬಂದು ಕೂತವು. ಬೈಗುಳದ ಸುರಿಮಳೆಯಾಯಿತು. ಒಂದೇ ವರ್ಷ. 2015ರ ಮೂರನೇ ಪೀಳಿಗೆಯಲ್ಲಿ ನಿಜವಾದ ಕೀಗಳು ಮರಳಿದವು. ಬೆರಳಿಗೆ ತಾಗಿ ತಿಳಿಯದ ಗುಂಡಿಯನ್ನು ಪ್ರತಿಸಲ ಕಣ್ಣಿಂದ ಹುಡುಕಬೇಕು ಎಂಬ ಸರಳ ಸಂಗತಿಗೆ ಮಾರುಕಟ್ಟೆಯಲ್ಲೇ ಪ್ರಯೋಗ ನಡೆದು ಫಲಿತಾಂಶವೂ ಬಂದಿತ್ತು.

ಆದರೂ 2016ರ ಅಕ್ಟೋಬರಿನಲ್ಲಿ ಆಪಲ್ ಅದೇ ಹಳ್ಳಕ್ಕೆ ಬಿತ್ತು. ಹೊಸ ಮ್ಯಾಕ್‌ಬುಕ್ ಪ್ರೊ ಯಂತ್ರದಲ್ಲಿ ಫಂಕ್ಷನ್ ಕೀಗಳ ಬದಲು ಟಚ್ ಬಾರ್ ಎಂಬ ಬೆಳಗುವ ಪಟ್ಟಿ. ಎಸ್ಕೇಪ್ ಕೀ ಕೂಡ ಅದರೊಳಗಿನ ಒಂದು ಚಿತ್ರ. ಕಾಲಿಗೆ ತಂತಿ ಎಡವಿದರೆ ತಾನಾಗಿ ಕಳಚಿಕೊಳ್ಳುವ ಮ್ಯಾಗ್‌ಸೇಫ್ ಚಾರ್ಜರ್ ಇಲ್ಲ, ಎಚ್‌ಡಿಎಂಐ ಕಿಂಡಿ ಇಲ್ಲ, ಕ್ಯಾಮೆರಾದ ಎಸ್‌ಡಿ ಕಾರ್ಡ್ ಹಾಕಲು ಜಾಗವಿಲ್ಲ, ಸಾಮಾನ್ಯ ಯುಎಸ್‌ಬಿಯೂ ಇಲ್ಲ. ಇದ್ದದ್ದೆಲ್ಲ ಯುಎಸ್‌ಬಿ-ಸಿ. ಛಾಯಾಗ್ರಾಹಕರು, ಪ್ರೋಗ್ರಾಮರ್‌ಗಳು, ವಿಡಿಯೊ ಸಂಕಲನಕಾರರು, ಅಂದರೆ ‘ಪ್ರೊ’ ಎಂಬ ಹೆಸರು ಯಾರಿಗಾಗಿ ಇತ್ತೋ ಅವರೇ ತಿರುಗಿಬಿದ್ದರು. ಬಿಡುಗಡೆಯಾಗಿ ಕೆಲವೇ ದಿನಗಳಲ್ಲಿ ಆಪಲ್ ತನ್ನ ಅಡಾಪ್ಟರ್‌ಗಳ ಬೆಲೆ ಇಳಿಸಬೇಕಾಯಿತು; 19 ಡಾಲರಿನ ಯುಎಸ್‌ಬಿ ಅಡಾಪ್ಟರ್ 9 ಡಾಲರಿಗೆ ಬಂತು. ದೂರು ಹುಸಿಯಾಗಿದ್ದರೆ ಈ ರಿಯಾಯಿತಿ ಯಾಕೆ ಬೇಕಿತ್ತು?

ಅದಕ್ಕಿಂತ ದೊಡ್ಡ ಅನಾಹುತ ಕೀಬೋರ್ಡಿನ ಅಡಿಯಲ್ಲಿತ್ತು. 2015ರ ಹನ್ನೆರಡು ಇಂಚಿನ ಮ್ಯಾಕ್‌ಬುಕ್‌ನಲ್ಲಿ ಮೊದಲು ಬಂದು ಮರುವರ್ಷ ಪ್ರೊಗೂ ಹಬ್ಬಿದ ‘ಬಟರ್‌ಫ್ಲೈ’ ಕೀಗಳು ಯಂತ್ರವನ್ನು ತೆಳ್ಳಗೆ ಮಾಡಲು ಹುಟ್ಟಿದವು. ಒತ್ತಿದರೆ ಕೆಳಗಿಳಿಯುವುದೇ ತಿಳಿಯದು, ಬೆರಳು ಕಲ್ಲಿಗೆ ಬಡಿದಂತಾಗುತ್ತದೆ ಎಂಬುದು ಅಭಿಮಾನಿಗಳ ಮೊದಲ ದೂರು. ಧೂಳಿನ ಕಣವೊಂದು ಸೇರಿ ಕೀ ಕಚ್ಚಿಕೊಳ್ಳುತ್ತದೆ, ಒಂದು ಅಕ್ಷರ ಎರಡಾಗಿ ಬೀಳುತ್ತದೆ ಎಂಬುದನ್ನು ಅವರೂ ಮೊದಲೇ ಊಹಿಸಿರಲಿಲ್ಲ. ಆದರೆ ತೆಳುವಿನ ಹುಚ್ಚಿಗೆ ಕೀಬೋರ್ಡನ್ನು ಬಲಿ ಕೊಟ್ಟಿದ್ದಾರೆ ಎಂದು ರೋಗದ ಮೂಲವನ್ನು ಸರಿಯಾಗಿಯೇ ಗುರುತಿಸಿದ್ದರು. ರಿಪೇರಿಯ ಕಥೆಯಂತೂ ಇನ್ನೂ ವಿಚಿತ್ರ. ಈ ಯಂತ್ರದಲ್ಲಿ ಕೀಬೋರ್ಡನ್ನು ಮೇಲ್ಕವಚಕ್ಕೆ ರಿವೆಟ್ ಹೊಡೆದು ಕೂರಿಸಲಾಗಿತ್ತು, ಅದೇ ಕವಚಕ್ಕೆ ಬ್ಯಾಟರಿಯನ್ನು ಅಂಟಿನಿಂದ ಮೆತ್ತಲಾಗಿತ್ತು. ಹೀಗಾಗಿ ಕೀಬೋರ್ಡ್ ಬದಲಿಸಬೇಕಾದರೆ ಇಡೀ ಮೇಲ್ಕವಚ, ಅದರ ಜೊತೆಗೆ ಬ್ಯಾಟರಿ, ಎಲ್ಲವನ್ನೂ ಬದಲಿಸಬೇಕು. ಎಕ್ಸ್220ರಲ್ಲಾದರೆ ತಳದ ಕೆಲವು ಸ್ಕ್ರೂ ಬಿಚ್ಚಿ, ಕೀಬೋರ್ಡನ್ನು ತುಸು ಪರದೆಯ ಕಡೆಗೆ ಸರಿಸಿ ಮೇಲೆತ್ತಿದರೆ ಮುಗಿಯಿತು, ಚಹಾ ಆರುವ ಮುಂಚೆ ಕೆಲಸವಾಗುತ್ತಿತ್ತು.

2018ರ ಜೂನ್‌ನಲ್ಲಿ ಆಪಲ್ ಈ ಕೀಬೋರ್ಡುಗಳಿಗೆ ಉಚಿತ ದುರಸ್ತಿ ಯೋಜನೆ ಘೋಷಿಸಿತು. 2019ರ ಮಾರ್ಚಿನಲ್ಲಿ ವಾಲ್ ಸ್ಟ್ರೀಟ್ ಜರ್ನಲ್‌ನ ಅಂಕಣಗಾರ್ತಿ ಜೊವಾನಾ ಸ್ಟರ್ನ್ ತಮ್ಮ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಒತ್ತಲಾಗದ ಇಂಗ್ಲಿಷ್ ಅಕ್ಷರಗಳನ್ನು ಬಿಟ್ಟೇ ಇಡೀ ಅಂಕಣವನ್ನು ಪ್ರಕಟಿಸಿದರು. ಶೀರ್ಷಿಕೆಯಲ್ಲೇ ‘ಇ’ ಅಕ್ಷರವಿರಲಿಲ್ಲ. ಆಪಲ್ ಕ್ಷಮೆ ಕೇಳಿತು. ಅದೇ ವರ್ಷದ ಮೇ ತಿಂಗಳಲ್ಲಿ ಹೊಸ ಮ್ಯಾಕ್‌ಬುಕ್ ಪ್ರೊ ಬಂದಾಗ, ಪ್ರಕಟವಾದ ದಿನವೇ ಅದನ್ನೂ ದುರಸ್ತಿ ಯೋಜನೆಯ ಪಟ್ಟಿಗೆ ಸೇರಿಸಲಾಯಿತು. ಅಂಗಡಿಗೆ ಬರುವ ಮೊದಲೇ ಆಸ್ಪತ್ರೆಯ ಚೀಟಿ ಬರೆಸಿಕೊಂಡ ಯಂತ್ರ ಅದು. ಅಮೆರಿಕದಲ್ಲಿ ಗ್ರಾಹಕರು ಹೂಡಿದ ಸಾಮೂಹಿಕ ದಾವೆ 2022ರಲ್ಲಿ 5 ಕೋಟಿ ಡಾಲರಿನ ರಾಜಿಯಲ್ಲಿ ಮುಗಿಯಿತು. ತಪ್ಪನ್ನು ಕಂಪನಿ ಒಪ್ಪಲಿಲ್ಲ, ಹಣ ಕೊಡಲು ಒಪ್ಪಿತು.

ಯಂತ್ರಗಳು ಮಾತ್ರ ಒಪ್ಪಿಕೊಂಡವು. 2019ರ ನವೆಂಬರಿನ ಹದಿನಾರು ಇಂಚಿನ ಮಾದರಿಯಲ್ಲಿ ಹಳೆಯ ಕತ್ತರಿ ಬಗೆಯ ಕೀಗಳೂ ನಿಜವಾದ ಎಸ್ಕೇಪ್ ಕೀಯೂ ಮರಳಿದವು. 2021ರ ಅಕ್ಟೋಬರಿನ ಮರುವಿನ್ಯಾಸದಲ್ಲಿ ಮ್ಯಾಗ್‌ಸೇಫ್, ಎಚ್‌ಡಿಎಂಐ, ಎಸ್‌ಡಿ ಕಾರ್ಡ್ ಕಿಂಡಿ ಮೂರೂ ವಾಪಸಾದವು, ಟಚ್ ಬಾರ್ ಹೊರಬಿತ್ತು. ಹೊಸ ಯಂತ್ರ ಹಿಂದಿನದಕ್ಕಿಂತ ತುಸು ದಪ್ಪ, ತುಸು ಭಾರ. ಗ್ರಾಹಕನಿಗೆ ತೆಳುವೇ ಮುಖ್ಯ ಎಂದು ಐದು ವರ್ಷ ಹೇಳಿದವರು ಆ ದಪ್ಪ ಯಂತ್ರವನ್ನು ಹೊಗಳಲು ಪದಗಳಿಗೆ ತಡಕಾಡಿದರು. ಇದನ್ನೇ 2016ರಲ್ಲಿ ಕೇಳಿದ್ದವರು ಆಗ ಬದಲಾವಣೆಯ ವಿರೋಧಿಗಳಾಗಿದ್ದರು.

ಇಷ್ಟಾದರೂ ಚಾಲ್ತಿ ಅಭಿಪ್ರಾಯದ ಪರ ಎರಡು ವಾದಗಳು ಉಳಿಯುತ್ತವೆ. ಒಂದು, ದೊಡ್ಡವರ ಹೆಸರಿನದು. ತೋರಿಸುವವರೆಗೆ ಜನರಿಗೆ ತಮಗೇನು ಬೇಕೆಂದು ಗೊತ್ತಿರುವುದಿಲ್ಲ ಎಂಬರ್ಥದ ಮಾತನ್ನು ಸ್ಟೀವ್ ಜಾಬ್ಸ್ 1998ರಲ್ಲಿ ಹೇಳಿದ್ದುಂಟು. ಅದರ ಬೆನ್ನಿಗೆ, ಜನರನ್ನು ಕೇಳಿದ್ದರೆ ಇನ್ನೂ ವೇಗದ ಕುದುರೆ ಬೇಕೆನ್ನುತ್ತಿದ್ದರು ಎಂಬ ಮಾತನ್ನು ಹೆನ್ರಿ ಫೋರ್ಡ್ ಹೆಸರಿನಲ್ಲಿ ಹೇಳುತ್ತಾರೆ. ಫೋರ್ಡ್ ಹಾಗೆ ಹೇಳಿದ್ದಕ್ಕೆ ದಾಖಲೆಯೇ ಸಿಕ್ಕಿಲ್ಲ. ಜಾಬ್ಸ್ ಮಾತು ಇನ್ನೂ ಹುಟ್ಟದ ವಸ್ತುವಿನ ಬಗ್ಗೆ ನಿಜವಿರಬಹುದು. ಇಪ್ಪತ್ತು ವರ್ಷದಿಂದ ದಿನಕ್ಕೆ ಎಂಟು ತಾಸು ಬಳಸುತ್ತಿರುವ ವಸ್ತುವಿನ ಬಗ್ಗೆ ಬಳಸುವವನಿಗೆ ಗೊತ್ತಿಲ್ಲ ಎನ್ನುವುದು ಬೇರೆಯೇ ಮಾತು. ಅಲ್ಲಿ ಗೊತ್ತಿರುವುದು ಅವನಿಗೆ ಮಾತ್ರ.

ಎರಡನೆಯ ವಾದಕ್ಕೆ ಹೆಚ್ಚು ತೂಕವಿದೆ. ಅಭಿಮಾನಿಗಳು ತಪ್ಪಿದ್ದೂ ಉಂಟು. 1998ರ ಐಮ್ಯಾಕ್‌ನಲ್ಲಿ ಫ್ಲಾಪಿ ಡ್ರೈವ್ ಇಲ್ಲವೆಂದಾಗ ಹುಬ್ಬೇರಿಸಿದವರು ಬಹಳ. 2008ರ ಮ್ಯಾಕ್‌ಬುಕ್ ಏರ್‌ನಲ್ಲಿ ಡಿವಿಡಿ ಡ್ರೈವ್ ಇಲ್ಲವೆಂದಾಗಲೂ ಅದೇ ಗಲಾಟೆ. ಇಂದು ಎರಡನ್ನೂ ಯಾರೂ ಕೇಳುವುದಿಲ್ಲ. ಐಬಿಎಂನ ಕಂಪ್ಯೂಟರ್ ವಿಭಾಗವನ್ನು ಲೆನೊವೊ 2005ರಲ್ಲಿ ಕೊಂಡಾಗ, ಚೀನಾದ ಕಂಪನಿಯ ಕೈಗೆ ಬಿದ್ದ ಥಿಂಕ್‌ಪ್ಯಾಡ್ ಮುಗಿದುಹೋಯಿತೆಂದು ಕಣ್ಣೀರಿಟ್ಟವರಿದ್ದರು. ಆದರೆ ಜಪಾನಿನ ಯಾಮಾಟೊ ಪ್ರಯೋಗಾಲಯದ ಎಂಜಿನಿಯರ್‌ಗಳು ಕೆಲಸ ಮುಂದುವರಿಸಿದರು, ಯಂತ್ರಗಳ ಗಟ್ಟಿತನವೂ ಉಳಿಯಿತು.

ಈ ತಪ್ಪುಗಳನ್ನು ಜೋಡಿಸಿ ನೋಡಿದರೆ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಫ್ಲಾಪಿ, ಡಿವಿಡಿಗಳ ಕೆಲಸವನ್ನು ಇಂಟರ್ನೆಟ್ಟು, ಪೆನ್‌ಡ್ರೈವುಗಳು ವಹಿಸಿಕೊಳ್ಳುತ್ತಿದ್ದವು. ಕಿತ್ತದ್ದಕ್ಕೆ ಬದಲಿ ಇತ್ತು. ಒಂದು ಕೀಯನ್ನು ಕಣ್ಣುಮುಚ್ಚಿ ಒತ್ತುವುದಕ್ಕೆ, ಒಂದು ಕೀಬೋರ್ಡನ್ನು ಮನೆಯಲ್ಲೇ ಬದಲಿಸಿಕೊಳ್ಳುವುದಕ್ಕೆ ಅಂಥ ಬದಲಿ ಬಂದಿಲ್ಲ. ಸಂಗ್ರಹದ ಬಗೆಯ ಬಗ್ಗೆ, ಕಂಪನಿಯ ಒಡೆತನದ ಬಗ್ಗೆ ಅಭಿಮಾನಿ ಅಂದಾಜು ತಪ್ಪಬಹುದು. ಕೈ ತಾಗುವ ಜಾಗದ ಬಗ್ಗೆ, ಬಿಚ್ಚಿ ಜೋಡಿಸುವ ಭಾಗದ ಬಗ್ಗೆ ಅವನ ಅಂದಾಜು ಕೆಟ್ಟದ್ದು ಬಹಳ ಕಡಿಮೆ.

ಹಳೆಯದರ ಮೋಹ ಎಂಬ ಆರೋಪವೂ ಇಲ್ಲೇ ಕುಸಿಯುತ್ತದೆ. ಅಭಿಮಾನಿಗಳು ಇಂದಿಗೂ ಹುಡುಕಿ ಕೊಳ್ಳುವ ಎಕ್ಸ್220 ಐಬಿಎಂ ಕಾಲದ್ದಲ್ಲ, ಅವರು ಅಂಜಿದ್ದ ಅದೇ ಲೆನೊವೊ ತಯಾರಿಸಿದ್ದು. ಒಳ್ಳೆಯದನ್ನು ಕೊಟ್ಟಾಗ ಹೆಸರು ನೋಡದೆ ಒಪ್ಪಿಕೊಂಡರು. ಚೀನಾದ 51ಎನ್‌ಬಿ ಎಂಬ ಅಭಿಮಾನಿ ತಂತ್ರಜ್ಞರ ಗುಂಪು ಇನ್ನೂ ಮುಂದೆ ಹೋಗಿ, ಎಕ್ಸ್61, ಎಕ್ಸ್201ರಂಥ ಹಳೆಯ ಪೆಟ್ಟಿಗೆಗಳೊಳಗೆ ಕೂರುವ ಹೊಸ ಮದರ್‌ಬೋರ್ಡುಗಳನ್ನೇ ತಯಾರಿಸಿತು. ಅದರ ಎಕ್ಸ್210ರಲ್ಲಿ ಇಂಟೆಲ್‌ನ ಎಂಟನೇ ಪೀಳಿಗೆಯ ಪ್ರೊಸೆಸರ್ ಇತ್ತು. ಹೊಸತನ್ನು ಕಂಡರಾಗದವರು ಹೊಸ ಪ್ರೊಸೆಸರಿಗಾಗಿ ಇಷ್ಟು ಶ್ರಮ ಪಡುತ್ತಾರೆಯೇ? ಅವರಿಗೆ ಬೇಕಿದ್ದದ್ದು ಹೊಸ ಪ್ರೊಸೆಸರ್ ಮತ್ತು ಕೈಗೆ ಒಗ್ಗಿದ ಕೀಬೋರ್ಡ್, ಎರಡೂ.

ಒಂದು ಕೀ ಹೋದರೆ ಏನು ಮಹಾ ಎನ್ನುವವರು ಕನ್ನಡದಲ್ಲಿ ಟೈಪ್ ಮಾಡುವವರನ್ನು ಕೇಳಬಹುದು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿ ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಹೊರಳಲು ಸ್ಕ್ರಾಲ್ ಲಾಕ್ ಕೀ ಒತ್ತುವುದು ವರ್ಷಗಳ ರೂಢಿ. ಕಚೇರಿಯ ಪತ್ರ, ಡಿಟಿಪಿ ಅಂಗಡಿಯ ಲಗ್ನಪತ್ರಿಕೆ, ಪತ್ರಿಕೆಯ ಪುಟ ಎಲ್ಲವೂ ಆ ಒಂದು ಕೀಯ ಮೇಲೆ ನಡೆಯುತ್ತಿದ್ದವು. ‘ಯಾರೂ ಬಳಸದ ಕೀ’ ಎಂದು ಲ್ಯಾಪ್‌ಟಾಪ್ ತಯಾರಕರು ಮೊದಲು ಕೈಬಿಟ್ಟವುಗಳಲ್ಲಿ ಅದೂ ಒಂದು. ಕೆಲವು ಯಂತ್ರಗಳಲ್ಲಿ ಅದು ಎಫ್‌ಎನ್ ಜೊತೆ ಇನ್ನೊಂದು ಕೀ ಸೇರಿಸಿ ಒತ್ತುವ ಗುಪ್ತ ಜೋಡಿಯಾಯಿತು; ಕೆಲವದರಲ್ಲಿ ಅದೂ ಇಲ್ಲ. ಆಗ ಜನ ಪರದೆಯ ಮೇಲೆ ಕೀಬೋರ್ಡಿನ ಚಿತ್ರ ತೆರೆದು, ಮೌಸಿನಿಂದ ಸ್ಕ್ರಾಲ್ ಲಾಕ್ ಒತ್ತಿ ಕನ್ನಡಕ್ಕೆ ಬಂದರು. ಇಂಗ್ಲಿಷ್ ಹೆಸರೊಂದು ಅಡ್ಡ ಬಂದಾಗಲೆಲ್ಲ ಮತ್ತೆ ಅದೇ ಕಸರತ್ತು. ವಿನ್ಯಾಸಕಾರನ ಮೇಜಿನ ಮೇಲೆ ‘ಯಾರೂ’ ಎಂದರೆ ಅವನಿಗೆ ಕಾಣದವರು ಎಂದಷ್ಟೇ.

ಬೆರಳೆಣಿಕೆಯ ಮಂದಿ ಎಂಬ ಲೆಕ್ಕವೂ ಪೊಳ್ಳು. ದಾವೆ ಹೂಡಿದವರೂ ದುರಸ್ತಿಗೆ ಸಾಲು ನಿಂತವರೂ ಸಾಮಾನ್ಯ ಗ್ರಾಹಕರು. ಅಭಿಮಾನಿ ಮೊದಲು ಕೂಗಿದವನು ಅಷ್ಟೆ. ಇನ್ನು ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳಿಗೆ ಎರಡನೇ ಬಾಳು ಇರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅವನ್ನು ಕೊಳ್ಳುವ ವಿದ್ಯಾರ್ಥಿಗೆ ಥಿಂಕ್‌ಪ್ಯಾಡ್ ಅಭಿಮಾನದ ಗಂಧವೂ ಇರಲಾರದು. ಆದರೆ ರ‍್ಯಾಮ್ ಬದಲಿಸಬಹುದೇ, ಕೀಬೋರ್ಡ್ ಕೆಟ್ಟರೆ ಬಿಡಿಯಾಗಿ ಸಿಗುತ್ತದೆಯೇ ಎಂಬ ಪ್ರಶ್ನೆಗಳು ಅವನ ಜೇಬಿಗೆ ನೇರ ತಾಗುತ್ತವೆ. ಅಭಿಮಾನಿಗಳು ಬಿಡುಗಡೆಗೆ ಮೊದಲೇ ಜಗಳ ಕಾಯುವುದು ಇದೇ ಸಂಗತಿಗಳಿಗಾಗಿ.

ಕಂಪನಿಗಳಿಗೆ ಇದು ಗೊತ್ತಿಲ್ಲವೆಂದಲ್ಲ. ಲೆನೊವೊದ ವಿನ್ಯಾಸ ಮುಖ್ಯಸ್ಥರಾಗಿದ್ದ ಡೇವಿಡ್ ಹಿಲ್ 2015ರಲ್ಲಿ ಹಳೆಯ ಗುಣಗಳ ಥಿಂಕ್‌ಪ್ಯಾಡ್ ಮಾಡಿದರೆ ಹೇಗೆಂದು ಬಹಿರಂಗವಾಗಿ ಕೇಳಿ ಸಮೀಕ್ಷೆಗಳನ್ನೇ ನಡೆಸಿದರು. 2017ರಲ್ಲಿ ಇಪ್ಪತ್ತೈದನೇ ವರ್ಷದ ನೆನಪಿಗೆ ಬಂದ ‘ಥಿಂಕ್‌ಪ್ಯಾಡ್ 25’ ಯಂತ್ರದಲ್ಲಿ ಏಳು ಸಾಲಿನ ಕೀಬೋರ್ಡ್ ಇತ್ತು. ಅದರ ಒಡಲು ಆಗಿನ ಟಿ470ರದು; ಅಂದರೆ 2017ರಲ್ಲೂ ಏಳು ಸಾಲಿಗೆ ಜಾಗವಿತ್ತು. ಆದರೆ ಅದನ್ನು ಮಿತ ಸಂಖ್ಯೆಯಲ್ಲಿ, 1,899 ಡಾಲರಿಗೆ ಮಾರಿ, ಹಬ್ಬದ ಮರುದಿನ ತೋರಣ ಬಿಚ್ಚಿದ ಹಾಗೆ ಕೈಬಿಟ್ಟರು. 2024ರಲ್ಲಿ ಬಂದ ಟಿ14 ಐದನೇ ಪೀಳಿಗೆಯಲ್ಲಿ ದುರಸ್ತಿಗೆ ಹೆಸರಾದ ಐಫಿಕ್ಸಿಟ್ ಜೊತೆ ಸೇರಿ ಕೆಲಸ ಮಾಡಿ, ಬದಲಿಸಬಹುದಾದ ರ‍್ಯಾಮ್‌ಗೆ ಎರಡು ಸ್ಲಾಟ್ ಕೊಟ್ಟರು. ಐಫಿಕ್ಸಿಟ್ ಅದಕ್ಕೆ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟಿತು. ಗೊಣಗಾಟ ಕಿವಿಗೆ ಬಿದ್ದಾಗ ಯಂತ್ರ ಕೆಡಲಿಲ್ಲ, ಸುಧಾರಿಸಿತು.

ಈಗಿನ ಅಳುಕು ಕೆಂಪು ಬಿಂದುವಿನ ಸುತ್ತ ಸುಳಿಯುತ್ತಿದೆ. 2025ರ ಜನವರಿಯಲ್ಲಿ ಪ್ರಕಟವಾದ ಥಿಂಕ್‌ಪ್ಯಾಡ್ ಎಕ್ಸ್9ರಲ್ಲಿ ಟ್ರ್ಯಾಕ್‌ಪಾಯಿಂಟೇ ಇಲ್ಲ. ಇದು ಬೇರೆ ಬಗೆಯ ಗ್ರಾಹಕರಿಗೆ, ಉಳಿದ ಸಾಲುಗಳಲ್ಲಿ ಕೆಂಪು ಬಿಂದು ಇದ್ದೇ ಇರುತ್ತದೆ ಎಂಬ ಸಮಾಧಾನ ಕೇಳಿಬರುತ್ತಿದೆ. ಇರಬಹುದು. ಆದರೆ ಬಿಡಿಬಿಡಿ ಕೀಗಳ ಕೀಬೋರ್ಡ್ ಕೂಡ ಮೊದಲು ಅಗ್ಗದ ಎಡ್ಜ್ ಸಾಲಿಗೆ, ಆಮೇಲೆ 2011ರ ಎಕ್ಸ್1ಗೆ, ಮರುವರ್ಷ ಟಿ ಮತ್ತು ಎಕ್ಸ್ ಸಾಲುಗಳಿಗೆ ಬಂದಿತ್ತು. ಹೀಗಿರುವಾಗ ಮುಂದಿನ ಟಿ ಮಾದರಿಯ ಮಸುಕು ಚಿತ್ರವನ್ನು ಹಿಗ್ಗಿಸಿ, ನಡುವೆ ಕೆಂಪು ಚುಕ್ಕೆ ಇದೆಯೇ ಎಂದು ಹುಡುಕುವವನನ್ನು ಅಣಕಿಸುವ ವಿಮರ್ಶಕರು ಮೊದಲು ಒಂದು ಕೆಲಸ ಮಾಡಲಿ. ಕಂಪನಿ ಒಂದು ವಾರಕ್ಕೆಂದು ಕೊಟ್ಟ ಯಂತ್ರದ ಮೇಲೆ 2016ರಲ್ಲಿ ತಾವು ಬರೆದ ಬಟರ್‌ಫ್ಲೈ ಕೀಬೋರ್ಡಿನ ವಿಮರ್ಶೆಯನ್ನು ತೆಗೆದು, ಅದೇ ತಿಂಗಳು ಅಭಿಮಾನಿಗಳು ಬರೆದ ದೂರುಗಳ ಪಕ್ಕದಲ್ಲಿಟ್ಟು ಓದಲಿ.